ನಸೀಬು ಎಂದರೆ ಪಾಲು

(ಟ್ರಸ್ಟಿನ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು ನಾನು. ಆದ್ದರಿಂದ ಇದನ್ನು ಅರ್ಧ ಗಂಟೆಯ ಒಂದು ಪಾಠ ಎಂದೇ ತಿಳಿದುಕೊಳ್ಳಿ. ಕೊನೆಯಲ್ಲಿ ಪರೀಕ್ಷೆ ಇಲ್ಲ, ಹೆದರಬೇಡಿ.

ಈ ವರ್ಷ ವಿದ್ಯಾರ್ಥಿವೇತನದ ಆಯ್ಕೆ ಸಮಿತಿಯಲ್ಲಿ ನನ್ನನ್ನೂ ಕೂರಿಸಿದ್ದರು. ಸಂದರ್ಶನಕ್ಕೆ ಬಂದ ಒಬ್ಬ ಹುಡುಗಿಯ ಅಂಕಪಟ್ಟಿ ನೋಡಿ, "ಇಷ್ಟು ಒಳ್ಳೆಯ ಅಂಕ ಹೇಗೆ ತೆಗೆದೆ ಮಗಳೇ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ಲಕ್ಕು ಟೀಚರ್" ಎಂದಳು. ಅದೇ ದಿನ ಸಂಜೆ, ಪಟ್ಟಿಯಲ್ಲಿ ಮಗನ ಹೆಸರಿಲ್ಲ ಎಂದು ಗೊತ್ತಾದ ತಾಯಿಯೊಬ್ಬರು ಹೊರಗೆ ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ನಮಗೆ ನಸೀಬಿಲ್ಲ, ನಡಿ" ಎಂದು ಮಗನಿಗೆ ಹೇಳಿದರು. ಗೆದ್ದವಳೂ ಅದೇ ಮಾತು ಹೇಳಿದಳು, ಸೋತವರೂ ಅದೇ ಮಾತು ಹೇಳಿದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಈ ನಸೀಬು ಎನ್ನುವುದು ನಿಜವಾಗಿ ಇದೆಯೇ? ಇದ್ದರೆ ಎಷ್ಟು ಇದೆ? ಇಲ್ಲದಿದ್ದರೆ ನಾವೆಲ್ಲ ಅದನ್ನು ಇಷ್ಟು ನಂಬುವುದು ಯಾಕೆ? ಇವತ್ತಿನ ಪಾಠ ಇದೇ.

ಮೊದಲು ಪದಗಳನ್ನೇ ನೋಡೋಣ. ಕನ್ನಡದಲ್ಲಿ ಅದೃಷ್ಟ ಎನ್ನುತ್ತೇವೆ. ದೃಷ್ಟ ಎಂದರೆ ಕಂಡದ್ದು, ಅದೃಷ್ಟ ಎಂದರೆ ಕಾಣದ್ದು. ಅಷ್ಟೇ. ಅರಬಿಯಿಂದ ಬಂದ ನಸೀಬು ಎಂಬ ಪದಕ್ಕೆ ಮೂಲ ಅರ್ಥ ಪಾಲು. ಕಿಸ್ಮತ್ ಎಂಬುದು ಹಂಚುವುದು ಎಂಬ ಅರ್ಥದ ಪದದಿಂದ ಬಂದದ್ದು. ಕಾಣದ್ದು, ಪಾಲು, ಹಂಚಿಕೆ. ಈ ಮೂರು ಅರ್ಥಗಳನ್ನು ನೆನಪಿಟ್ಟುಕೊಳ್ಳಿ. ಪಾಠದ ಕೊನೆಗೆ ಬೇಕಾಗುತ್ತವೆ.

ನಾನು ತರಗತಿಯಲ್ಲಿ ಒಂದು ಆಟ ಆಡಿಸುತ್ತಿದ್ದೆ. ಎಲ್ಲ ಮಕ್ಕಳೂ ಎದ್ದು ನಿಲ್ಲಬೇಕು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ನಾಣ್ಯ. ನಾನು ಚಪ್ಪಾಳೆ ತಟ್ಟಿದಾಗ ಎಲ್ಲರೂ ಚಿಮ್ಮಬೇಕು. ಟೇಲ್ ಬಿದ್ದವರು ಕೂತುಕೊಳ್ಳಬೇಕು, ಹೆಡ್ ಬಿದ್ದವರು ನಿಂತಿರಬೇಕು. ಲೆಕ್ಕ ಸುಲಭವಾಗಲಿ, 64 ಮಕ್ಕಳು ಎಂದುಕೊಳ್ಳಿ. ಮೊದಲ ಸಲಕ್ಕೆ ಸುಮಾರು 32 ಮಂದಿ ಉಳಿಯುತ್ತಾರೆ. ಆಮೇಲೆ 16, 8, 4, 2. ಆರನೆಯ ಸಲಕ್ಕೆ ಸರಾಸರಿ ಒಬ್ಬರು. ಒಮ್ಮೊಮ್ಮೆ ಇಬ್ಬರು ಉಳಿಯುತ್ತಾರೆ, ಒಮ್ಮೊಮ್ಮೆ ಯಾರೂ ಉಳಿಯುವುದಿಲ್ಲ. ಆದರೆ ಒಬ್ಬ ಹುಡುಗ ಸತತ ಆರು ಸಲ ಹೆಡ್ ಹಾಕಿ ನಿಂತಾಗ ತರಗತಿಯ ಗದ್ದಲ ನೋಡಬೇಕು! "ಅವನ ಕೈಗುಣ ಟೀಚರ್!" "ಅವನು ನಾಣ್ಯಕ್ಕೆ ಊದಿದ ಟೀಚರ್!" ಆ ಹುಡುಗನೂ ಎದೆ ಉಬ್ಬಿಸಿ, "ಹೆಬ್ಬೆರಳನ್ನು ಹೀಗೆ ಇಡಬೇಕು" ಎಂದು ಉಳಿದವರಿಗೆ ತೋರಿಸುತ್ತಿದ್ದ. ಇನ್ನೊಮ್ಮೆ ಆಡಿಸಿದರೆ ಎರಡನೆಯ ಸುತ್ತಿನಲ್ಲೇ ಅವನು ಕೂತಿರುತ್ತಿದ್ದ.

64 ಮಂದಿ ಚಿಮ್ಮಿದರೆ ಒಬ್ಬನಾದರೂ ಕೊನೆಯವರೆಗೆ ನಿಲ್ಲುವುದು ದೊಡ್ಡ ವಿಚಿತ್ರವಲ್ಲ. ಅವನು ಯಾರು ಎಂದು ಮೊದಲೇ ಹೇಳಲಾರೆವು, ಅಷ್ಟೇ. ಈ ಲೆಕ್ಕವನ್ನು ಶಾಸ್ತ್ರವಾಗಿ ಬೆಳೆಸುವ ಕೆಲಸಕ್ಕೆ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಫ್ರೆಂಚರು ಜೂಜಿನ ಒಂದು ಸಮಸ್ಯೆಯ ಬಗ್ಗೆ ಬರೆದುಕೊಂಡ ಪತ್ರಗಳು ದಾರಿ ಮಾಡಿದವು. ನಮ್ಮ ಹೈಸ್ಕೂಲು ಪಠ್ಯದ ಸಂಭವನೀಯತೆ ಎಂಬ ಅಧ್ಯಾಯದ ಬೇರು ಅಲ್ಲಿದೆ.

ಅಂದರೆ ಆಕಸ್ಮಿಕ ಎನ್ನುವುದು ಇದೆ. ನಾನು ಗಣಿತದವಳು, ಅದನ್ನು ಇಲ್ಲವೆನ್ನಲಾರೆ. ಆದರೆ ಆ ಹುಡುಗನ ಬೆರಳಿನಲ್ಲಿ ಅದೃಷ್ಟ ಕೂತಿದೆ ಎಂದೆವಲ್ಲ, ಅದು ಇಲ್ಲ. ಕೆಲವರಿಗೆ ಅಂಟಿಕೊಂಡು, ಕೆಲವರನ್ನು ಬಿಟ್ಟುಹೋಗುವ ಒಂದು ವಸ್ತುವಲ್ಲ ಅದು.

ಮತ್ತೆ ಜನ ನಂಬುವುದು ಯಾಕೆ? ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳನ್ನು ಲಾಟರಿ ಟಿಕೆಟ್ ಹಾಳು ಮಾಡಿದ್ದನ್ನು ಹಿರಿಯರು ಬಲ್ಲರು. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಪಕ್ಕದ ಕೇರಳದಲ್ಲಿ 1967ರಿಂದ ಸರಕಾರವೇ ನಡೆಸುತ್ತಿದೆ. ಬಹುಮಾನ ಬಂದವನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಬಾರದ ಲಕ್ಷಾಂತರ ಜನರ ಫೋಟೋ ಹಾಕಲು ಯಾವ ಪತ್ರಿಕೆಯಲ್ಲೂ ಜಾಗವಿಲ್ಲ. ನಮ್ಮ ಕಣ್ಣಿಗೆ ನಿಂತವನು ಮಾತ್ರ ಬೀಳುತ್ತಾನೆ, ಕೂತವರು ಬೀಳುವುದಿಲ್ಲ. ಇದು ಮೊದಲನೆಯ ಕಾರಣ.

ಎರಡನೆಯ ಕಾರಣಕ್ಕೆ ಪಾರಿವಾಳಗಳ ಕತೆ ಹೇಳುತ್ತೇನೆ. ಬಿ.ಎಡ್. ಓದುವಾಗ ಸ್ಕಿನ್ನರ್ ಎಂಬ ಅಮೆರಿಕದ ಮನೋವಿಜ್ಞಾನಿಯ ಹೆಸರನ್ನು ನಾವೆಲ್ಲ ಉರು ಹೊಡೆದಿದ್ದೆವು. ಅವರು 1948ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಹಸಿದ ಎಂಟು ಪಾರಿವಾಳಗಳನ್ನು ಬೇರೆಬೇರೆ ಗೂಡಿನಲ್ಲಿಟ್ಟು, ಅವು ಏನೇ ಮಾಡಲಿ, ಮಾಡದಿರಲಿ, ನಿಗದಿತ ಸಮಯಕ್ಕೊಮ್ಮೆ ಕಾಳು ಬೀಳುವಂತೆ ಏರ್ಪಾಡು ಮಾಡಿದರು. ಕೆಲವು ದಿನಗಳಲ್ಲಿ ಆರು ಪಾರಿವಾಳಗಳು ವಿಚಿತ್ರ ಚಟ ಬೆಳೆಸಿಕೊಂಡವು. ಒಂದು ಗೂಡಿನೊಳಗೆ ಸುತ್ತು ಹಾಕುತ್ತಿತ್ತು, ಒಂದು ಮೂಲೆಗೆ ತಲೆ ಚಾಚುತ್ತಿತ್ತು, ಇನ್ನೊಂದು ತಲೆಯನ್ನು ಎತ್ತಿ ಎಸೆದಂತೆ ಮಾಡುತ್ತಿತ್ತು. ಕಾಳು ಬಿದ್ದ ಕ್ಷಣದಲ್ಲಿ ತಾನು ಏನು ಮಾಡುತ್ತಿತ್ತೋ ಅದರಿಂದಲೇ ಕಾಳು ಬಂತು ಎಂಬಂತೆ ಅವು ನಡೆದುಕೊಂಡವು ಎಂಬುದು ಸ್ಕಿನ್ನರ್ ಕೊಟ್ಟ ವಿವರಣೆ. ಆ ವಿವರಣೆಯನ್ನು ಒಪ್ಪದ ವಿಜ್ಞಾನಿಗಳೂ ಆಮೇಲೆ ಬಂದರು. ಆದರೆ ಪರೀಕ್ಷೆಗೆ ಪ್ರತಿ ಸಲ ಅದೇ ಹಳೆಯ ಪೆನ್ನು ಹುಡುಕುವ ಮಕ್ಕಳನ್ನು, ಭಾರತ ಗೆಲ್ಲುವ ತನಕ ಸೋಫಾದಿಂದ ಏಳಬೇಡ ಎನ್ನುವ ಅಪ್ಪಂದಿರನ್ನು ಕಂಡಾಗಲೆಲ್ಲ ನನಗೆ ಆ ಪಾರಿವಾಳಗಳ ನೆನಪಾಗುತ್ತದೆ. ಪೆನ್ನು ಬದಲಿಸಿಯೂ ಪಾಸಾದದ್ದು ಯಾರಿಗೂ ನೆನಪಿರುವುದಿಲ್ಲ.

ಮೂರನೆಯದು ಭಯ. ಒಂದು ಶತಮಾನದ ಹಿಂದೆ ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದು ಅಲ್ಲಿನ ಮೀನುಗಾರರ ಬದುಕನ್ನು ಬರೆದ. ಒಳಗಿನ ಶಾಂತವಾದ ಹಿನ್ನೀರಿನಲ್ಲಿ ಮೀನು ಹಿಡಿಯುವಾಗ ಅವರು ಮಂತ್ರ ತಂತ್ರ ಮಾಡುತ್ತಿರಲಿಲ್ಲ, ತಮ್ಮ ಕೈಚಳಕವನ್ನೇ ನಂಬುತ್ತಿದ್ದರು. ತೆರೆದ ಕಡಲಿಗೆ ಇಳಿಯುವಾಗ ಮಾತ್ರ ಮಂತ್ರಗಳಿದ್ದವು. ಕಡಲ ಕರೆಯವರಾದ ನಮಗೆ ಇದು ಅರ್ಥವಾಗದ ಮಾತಲ್ಲ. ಎಲ್ಲಿ ನಮ್ಮ ಕೈ ನಡೆಯುವುದಿಲ್ಲವೋ ಅಲ್ಲಿ ಮನಸ್ಸು ಏನನ್ನಾದರೂ ಹಿಡಿದುಕೊಳ್ಳುತ್ತದೆ. ಲಾರಿಯ ಮುಂದೆ ನಿಂಬೆ ಮೆಣಸು ಕಟ್ಟುವವರನ್ನು ನೋಡಿ ನಗುವ ಮೊದಲು, ರಾತ್ರಿ ಘಾಟಿ ಇಳಿಯುವುದು ಎಂಥ ಕೆಲಸ ಎಂದು ಯೋಚಿಸಬೇಕು. ಬಡವರು ನಸೀಬನ್ನು ಹೆಚ್ಚು ನಂಬುತ್ತಾರೆ ಎಂದು ಉಳ್ಳವರು ಹೇಳುವುದುಂಟು. ಬಡವರ ದೋಣಿ ಯಾವಾಗಲೂ ತೆರೆದ ಕಡಲಿನಲ್ಲೇ ಇರುತ್ತದೆ.

ಇನ್ನು ಹುಟ್ಟಿದ ದಿನ ನೋಡಿ ಭವಿಷ್ಯ ಹೇಳುವವರ ಮಾತು. ನಮ್ಮ ಹಳೆಯ ಶಾಲಾ ದಾಖಲಾತಿ ಪುಸ್ತಕ ತೆರೆದರೆ ಸಾಲು ಸಾಲಾಗಿ ಜೂನ್ 1ರಂದು ಹುಟ್ಟಿದವರು ಸಿಗುತ್ತಾರೆ. ತಾಯಿ, "ದೊಡ್ಡ ಮಳೆ ಬಂದ ವರ್ಷ ಟೀಚರ್" ಎನ್ನುತ್ತಿದ್ದರು. ಶಾಲೆ ಶುರುವಾಗುವ ಲೆಕ್ಕಕ್ಕೆ ಸರಿಯಾಗಲಿ ಎಂದು ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಇಲ್ಲಿ ಕೂತಿರುವ ಹಿರಿಯರಲ್ಲೂ ಕೆಲವರು ನಗುತ್ತಿದ್ದೀರಿ. ಆ ದಿನಾಂಕ ನಂಬಿ ಯಾರಾದರೂ ನಿಮ್ಮ ಭವಿಷ್ಯ ಹೇಳಿದರೆ, ಅದು ನಿಮ್ಮ ಭವಿಷ್ಯವಲ್ಲ, ಆ ಮೇಷ್ಟ್ರ ಪೆನ್ನಿನ ಭವಿಷ್ಯ.

ಇನ್ನು, "ಎಲ್ಲವೂ ತಕ್ದೀರ್ ಅಲ್ಲವೇ ಟೀಚರ್, ಅದನ್ನು ಪ್ರಶ್ನಿಸಬಹುದೇ?" ಎಂದು ಕೇಳುವವರಿದ್ದಾರೆ. ನಾನು ಆಲಿಮಾ ಅಲ್ಲ. ಎಲ್ಲರೂ ಕೇಳಿ ಬಲ್ಲ ಎರಡು ಘಟನೆಗಳನ್ನು ಮಾತ್ರ ನೆನಪಿಸುತ್ತೇನೆ. ಪ್ರವಾದಿ(ಸ)ಯವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಆ ಸಾವಿನಿಂದಲೇ ಗ್ರಹಣ ಹಿಡಿಯಿತು ಎಂದು ಜನ ಮಾತಾಡಿಕೊಂಡರು. ಮಗನನ್ನು ಕಳೆದುಕೊಂಡ ದುಃಖದಲ್ಲೂ ಪ್ರವಾದಿ(ಸ)ಯವರು ಆ ಮಾತನ್ನು ಹಾಗೇ ಬಿಡಲಿಲ್ಲ. ಯಾರ ಹುಟ್ಟಿಗೂ ಯಾರ ಸಾವಿಗೂ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ಒಟ್ಟಿಗೆ ನಡೆದದ್ದೆಲ್ಲ ಒಂದರಿಂದ ಒಂದು ನಡೆದದ್ದಲ್ಲ. ನನ್ನ ಪಾಲಿಗೆ ಇದು ತರ್ಕದ ಬಹಳ ದೊಡ್ಡ ಪಾಠ.

ಎರಡನೆಯದು ಖಲೀಫ ಉಮರ್(ರ) ಅವರದು. ಅವರು ಸಿರಿಯಾದ ಕಡೆ ಹೊರಟಾಗ ಅಲ್ಲಿ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ದಾರಿಯಲ್ಲೇ ಬಂತು. ಸಂಗಡಿಗರೊಡನೆ ಸಮಾಲೋಚಿಸಿ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರ ಕೊಟ್ಟು, ಉಮರ್(ರ) ಒಂದು ಉದಾಹರಣೆ ಹೇಳಿದರು. ಕಣಿವೆಯ ಒಂದು ಬದಿ ಹಸಿರು, ಒಂದು ಬದಿ ಬರಡು ಇದ್ದರೆ, ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ. ಹಾಗಿದ್ದ ಮೇಲೆ ಹಸಿರಿನ ಕಡೆ ಹೊಡೆಯುವುದು ಕುರುಬನ ಕೆಲಸ. ತಕ್ದೀರ್ ಎಂಬ ಮಾತು ನಮ್ಮನ್ನು ಬರಡು ನೆಲದಲ್ಲೇ ಕೂರಿಸಲು ಬಂದದ್ದಲ್ಲ ಎಂದು ನಾನು ತಿಳಿದುಕೊಂಡದ್ದು ಹೀಗೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಮಾಡಿದ ಒಂದು ತಪ್ಪನ್ನು ಈಗ ಹೇಳಬೇಕು. ಇದನ್ನು ಹೇಳಲಿಕ್ಕೇ ಈ ವಿಷಯ ಆರಿಸಿಕೊಂಡೆ.

ನಾನು ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಎಂಟನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವಯಸ್ಸಿಗೆ ಮೀರಿದ ಎತ್ತರ, ಆದ್ದರಿಂದ ಕೊನೆಯ ಬೆಂಚು. ಬೋರ್ಡಿನ ಲೆಕ್ಕವನ್ನು ಯಾವಾಗಲೂ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ಆರು ಇದ್ದಲ್ಲಿ ಎಂಟು, ಕೂಡುವಲ್ಲಿ ಕಳೆಯುವುದು. ಪರೀಕ್ಷೆಯಲ್ಲಿ ಒಂದಂಕಿ ದಾಟುತ್ತಿರಲಿಲ್ಲ. ಕಾಪಿ ಹೊಡೆಯುತ್ತಾನೆ ಎಂದು ನಾನು ಎಷ್ಟೋ ಸಲ ಅವನನ್ನು ಹೊರಗೆ ನಿಲ್ಲಿಸಿದ್ದೇನೆ. ಬಾಯಿಲೆಕ್ಕ ಕೇಳಿದರೆ ಮಾತ್ರ ಎಲ್ಲರಿಗಿಂತ ಮೊದಲು ಉತ್ತರ ಹೇಳುತ್ತಿದ್ದ. ಅದು ಯಾಕೆ ಹಾಗೆ ಎಂದು ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ.

ಅವನ ತಾಯಿ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದವರು. ಫೇಲಾದಾಗ ಶಾಲೆಗೆ ಬಂದು, "ಏನು ಮಾಡಲಿ ಟೀಚರ್?" ಎಂದು ಕೇಳಿದರು. ನಾನು ಉತ್ತರಪತ್ರಿಕೆಗಳ ಕಟ್ಟಿನಿಂದ ತಲೆ ಎತ್ತದೆ, "ಅವನ ತಲೆಗೆ ಹತ್ತುವುದಿಲ್ಲಮ್ಮಾ. ಅವನ ನಸೀಬಿನಲ್ಲಿ ಓದು ಬರೆದಿಲ್ಲ" ಎಂದೆ. ಅವರು ಎದುರು ಮಾತಾಡಲಿಲ್ಲ. ಟೀಚರ್ ಹೇಳಿದ ಮೇಲೆ ಮುಗಿಯಿತಲ್ಲ! ಮಳೆಗಾಲ ಕಳೆಯುವ ಮೊದಲೇ ಹುಡುಗ ಗ್ಯಾರೇಜು ಸೇರಿದ.

ಎಷ್ಟೋ ವರ್ಷಗಳ ನಂತರ ಬಸ್‌ಸ್ಟ್ಯಾಂಡಿನಲ್ಲಿ ಕನ್ನಡಕ ಹಾಕಿದ ಎತ್ತರದ ಒಬ್ಬಾತ ಬಂದು, "ಟೀಚರ್, ಗುರುತು ಸಿಕ್ಕಿತಾ?" ಎಂದು ಕೇಳಿದ. ಅವನೇ. ಲಾರಿ ಓಡಿಸುತ್ತಿದ್ದ. ನಾನು ಸುಮ್ಮನೆ, "ಕನ್ನಡಕ ಯಾವಾಗ ಬಂತು?" ಎಂದೆ. ಲೈಸೆನ್ಸಿಗೆಂದು ಕಣ್ಣು ತೋರಿಸಲು ಹೋದಾಗ ದೂರದ್ದು ಕಾಣುವುದಿಲ್ಲ, ಮೈನಸ್ ಮೂರೂವರೆ ಇದೆ ಎಂದು ಡಾಕ್ಟರು ಹೇಳಿದರಂತೆ. "ಕನ್ನಡಕ ಹಾಕಿ ಹೊರಗೆ ಬಂದು ನೋಡಿದೆ ಟೀಚರ್. ತೆಂಗಿನ ಮರದಲ್ಲಿ ಗರಿಗಳು ಬೇರೆ ಬೇರೆ ಕಾಣುತ್ತವೆ ಅಂತ ನನಗೆ ಅವತ್ತೇ ಗೊತ್ತಾದದ್ದು" ಎಂದ. "ಶಾಲೆಯಲ್ಲಿ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ಎಲ್ಲರಿಗೂ ಹಾಗೇ ಕಾಣುವುದು ಅಂದುಕೊಂಡಿದ್ದೆ" ಎಂದ. ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, "ಬಿಡಿ ಟೀಚರ್, ನನ್ನ ನಸೀಬು" ಎಂದು ನಕ್ಕ. ನನ್ನ ಮಾತನ್ನೇ ಅವನು ನನಗೆ ಹಿಂದಕ್ಕೆ ಕೊಟ್ಟ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದೃಷ್ಟ ಎಂದರೆ ಕಾಣದ್ದು ಎಂದೆನಲ್ಲ, ಅವನಿಗೆ ಬೋರ್ಡು ಕಾಣುತ್ತಿರಲಿಲ್ಲ. ನನಗೆ ಅವನು ಕಾಣಲಿಲ್ಲ. ಅಲ್ಲಿ ಇದ್ದದ್ದು ಹಣೆಬರಹವಲ್ಲ, ಒಂದು ಜೊತೆ ಕನ್ನಡಕದ ಕೊರತೆ. ನಸೀಬು ಎಂಬ ಮಾತಿನ ಅಪಾಯ ಇದು. ಯಾಕೆ ಎಂದು ಕೇಳಬೇಕಾದಲ್ಲಿ ಅದನ್ನು ಹೇಳಿಬಿಟ್ಟರೆ ಹುಡುಕುವುದೇ ನಿಂತುಹೋಗುತ್ತದೆ. ಹೇಳಿದವರಿಗೆ ಸಮಾಧಾನ, ಕೇಳಿದವರಿಗೆ ಬಾಗಿಲು ಬಂದ್.

ಸೋಲಿನ ಹಿಂದೆ ಕಾಣದ ಕಾರಣ ಇರುವಂತೆ ಗೆಲುವಿನ ಹಿಂದೆ ಕಾಣದ ಕೈಗಳೂ ಇರುತ್ತವೆ. ಅಬ್ದುಲ್ ಕಲಾಂ ಅವರ ಹೆಸರು ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ರಾಮೇಶ್ವರದ ಸಾಮಾನ್ಯ ಮನೆಯ ಹುಡುಗ 2002ರಲ್ಲಿ ರಾಷ್ಟ್ರಪತಿಯಾದದ್ದು ಅದೃಷ್ಟ ಎನ್ನುವವರಿದ್ದಾರೆ. ಮದರಾಸಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದಾಗ ಅವರ ಮನೆಯಲ್ಲಿ ಸುಮಾರು ಒಂದು ಸಾವಿರ ರೂಪಾಯಿ ಫೀಸಿಗೆ ದಾರಿ ಇರಲಿಲ್ಲ. ಅಕ್ಕ ಝೊಹರಾ ತಮ್ಮ ಚಿನ್ನದ ಬಳೆ ಮತ್ತು ಸರವನ್ನು ಅಡವಿಟ್ಟು ಹಣ ಕೊಟ್ಟರು ಎಂದು ಕಲಾಂ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ಓದು ಮುಗಿಸಿ ವಾಯುಪಡೆಯ ಆಯ್ಕೆಗೆ ಡೆಹ್ರಾಡೂನಿಗೆ ಹೋದರು. ಎಂಟು ಮಂದಿಯನ್ನು ತೆಗೆದುಕೊಂಡರು. ಕಲಾಂ ಒಂಬತ್ತನೆಯವರು. ಆ ದಿನ ಯಾರಾದರೂ, "ನಿನಗೆ ನಸೀಬಿಲ್ಲ, ಊರಿಗೆ ನಡಿ" ಎಂದಿದ್ದರೆ? ಆ ಗೆಲುವಿನಲ್ಲಿ ಆಕಸ್ಮಿಕವೂ ಇತ್ತು, ದುಡಿಮೆಯೂ ಇತ್ತು. ಆದರೆ ಅಕ್ಕನ ಬಳೆಗಳನ್ನು ಅದೃಷ್ಟದ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಹಾಗಾದರೆ ನಸೀಬು ಎಂಬುದು ಎಲ್ಲಿಯೂ ಇಲ್ಲವೇ? ಒಂದು ಕಡೆ ಇದೆ, ಅದನ್ನು ಮುಚ್ಚಿಡಬಾರದು. ನಾವು ಯಾವ ಮನೆಯಲ್ಲಿ ಹುಟ್ಟುತ್ತೇವೆ ಎಂಬುದು ನಮ್ಮ ದುಡಿಮೆಯಲ್ಲ. ಒಂದು ಮಗು ಪುಸ್ತಕದ ಕಪಾಟು ಇರುವ ಮನೆಯಲ್ಲಿ ಹುಟ್ಟುತ್ತದೆ. ಇನ್ನೊಂದು ಮಗು ಹೋಂವರ್ಕಿನ ಮೊದಲು ಬೀಡಿ ಕಟ್ಟಲು ತಾಯಿಗೆ ನೆರವಾಗಬೇಕಾದ ಮನೆಯಲ್ಲಿ ಹುಟ್ಟುತ್ತದೆ. ಮೊದಲ ನಾಣ್ಯವನ್ನು ನಾವು ಯಾರೂ ಚಿಮ್ಮಿದ್ದಲ್ಲ. ಹುಟ್ಟು ಹಾಗೆ ಹಂಚಿಕೆಯಾಗುತ್ತದೆ. ಆದರೆ ನಸೀಬು ಎಂದರೆ ಪಾಲು. ಪಾಲು ಕಡಿಮೆ ಬಂದವರಿಗೆ ಪಾಲು ಕೊಡಿಸುವ ಕೆಲಸವನ್ನು ನಮ್ಮ ಮೇಲೆ ಹೊರಿಸಲಾಗಿದೆ. ಝಕಾತ್ ಎಂದರೆ ಅದೇ ಅಲ್ಲವೇ? ಉಳಿತಾಯದ ನಲವತ್ತರಲ್ಲಿ ಒಂದು ಭಾಗ ಬೇರೆಯವರ ಹಕ್ಕು, ನಮ್ಮ ಉದಾರತೆಯಲ್ಲ.

ದಾನಿಗಳಿಗೆ ಒಂದು ಮಾತು. ಆಯ್ಕೆ ಪಟ್ಟಿಯ ಕೊನೆಯ ಹೆಸರಿಗೂ, ಗೆರೆಯ ಕೆಳಗಿನ ಮೊದಲ ಹೆಸರಿಗೂ ಇದ್ದ ವ್ಯತ್ಯಾಸ ಒಂದು ಅಂಕಕ್ಕಿಂತ ಕಡಿಮೆ. ಆ ಗೆರೆ ಎಳೆದವರಲ್ಲಿ ನಾನೂ ಒಬ್ಬಳು. ಗೆರೆ ಅಲ್ಲಿಗೇ ಬಂದದ್ದು ಆ ಹುಡುಗನ ನಸೀಬಿನಿಂದಲ್ಲ, ನಮ್ಮ ಕೈಯಲ್ಲಿದ್ದ ಹಣ ಅಲ್ಲಿಗೆ ಮುಗಿದದ್ದರಿಂದ. ಜಗಲಿಯಲ್ಲಿ ಚಪ್ಪಲಿ ಹಾಕಿಕೊಂಡು ಹೊರಟ ಆ ತಾಯಿಗೆ ಈ ಮಾತನ್ನು ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಇವತ್ತು ಬಂದಿದ್ದರೆ ಈಗ ಹೇಳುತ್ತಿದ್ದೇನೆ. ಅಮ್ಮಾ, ನಿಮ್ಮ ಮಗನಲ್ಲಿ ಕೊರತೆ ಇಲ್ಲ. ಕೊರತೆ ನಮ್ಮಲ್ಲಿತ್ತು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿಸಿ. ಅವನನ್ನು ಗ್ಯಾರೇಜಿಗೆ ಕಳುಹಿಸಬೇಡಿ.

ಟ್ರಸ್ಟಿನವರಲ್ಲಿ ನನ್ನದೊಂದು ಬೇಡಿಕೆ. ಸಂದರ್ಶನದ ದಿನ ಮಕ್ಕಳ ಅಂಕಪಟ್ಟಿ ನೋಡುವ ಮೊದಲು ಅವರ ಕಣ್ಣು ಪರೀಕ್ಷಿಸಲು ಒಬ್ಬರನ್ನು ಕರೆಸಿ. ಆರು ಮೀಟರ್ ದೂರದಲ್ಲಿ ಗೋಡೆಗೆ ಒಂದು ಅಕ್ಷರದ ಪಟ ತೂಗುಹಾಕಿದರೆ ಆರಂಭಕ್ಕೆ ಸಾಕು. ಆಯ್ಕೆಯಾಗಲಿ, ಆಗದಿರಲಿ, ಕನ್ನಡಕ ಬೇಕಾದ ಮಗುವಿಗೆ ಕನ್ನಡಕ ಸಿಗಲಿ. ಮೊದಲ ಕೆಲವು ಕನ್ನಡಕಗಳ ಖರ್ಚು ನನ್ನ ಪಿಂಚಣಿಯಿಂದ. ಇದು ದಾನವಲ್ಲ, ಹಳೆಯ ಸಾಲ.

ಮಕ್ಕಳೇ, ಇನ್ನು ಮುಂದೆ ಯಾರಾದರೂ ನಿಮಗೆ ಹೇಗೆ ಇಷ್ಟು ಅಂಕ ಬಂತು ಎಂದು ಕೇಳಿದರೆ ಲಕ್ಕು ಎನ್ನಬೇಡಿ. ನಾನು ಓದಿದೆ ಎನ್ನಿ, ಅದರಲ್ಲಿ ಜಂಬವಿಲ್ಲ. ನನ್ನ ಉಮ್ಮ ರಾತ್ರಿ ಎಚ್ಚರವಿದ್ದು ಬೀಡಿ ಕಟ್ಟಿದರು ಎನ್ನಿ, ಯಾರೋ ಹೆಸರು ಹೇಳದೆ ನನ್ನ ಫೀಸು ಕಟ್ಟಿದರು ಎನ್ನಿ. ಕಾಣದ್ದನ್ನು ಹುಡುಕಿ ಹೆಸರಿಟ್ಟು ಹೇಳುವುದೇ ಕೃತಜ್ಞತೆ. ಅಂಕ ಕಡಿಮೆ ಬಂದರೆ ನಸೀಬಿಲ್ಲ ಎನ್ನಬೇಡಿ. ನನಗೆ ಕಾಣದೆ ಇರುವುದು ಏನು ಎಂದು ಕೇಳಿಕೊಳ್ಳಿ. ಗೊತ್ತಾಗದಿದ್ದರೆ ನಮ್ಮಂಥ ಟೀಚರುಗಳನ್ನು ಕೇಳಿ. ತಲೆ ಎತ್ತಿ ಉತ್ತರ ಹೇಳುವ ತನಕ ಬಿಡಬೇಡಿ.

ಅಲ್ಲಾಹನು ನಮ್ಮೆಲ್ಲರಿಗೂ ನೋಡುವ ಕಣ್ಣು ಕೊಡಲಿ. ಆಮೀನ್. ಗಂಟೆ ಹೊಡೆಯಿತು, ಪಾಠ ಮುಗಿಯಿತು. ಅಸ್ಸಲಾಮು ಅಲೈಕುಂ.